ಗಿಡಮೂಲಿಕೆ ಸಾರದ ಸೂಕ್ಷ್ಮಾಣು ನಿರೋಧಕ ಪರೀಕ್ಷೆ: ಅಗರ್ ಪ್ಲೇಟ್‌ನಿಂದ ಎಂಐಸಿವರೆಗೆ, ಹಂತ ಹಂತವಾಗಿ

ಮೊದಲ ವಾರ ವೆಲ್ (ಅಗರ್ ಜೆಲ್ಲಿಯಲ್ಲಿ ಕೊರೆದು ಸಾರ ಹಾಕುವ ಗುಂಡಿ) ಸುತ್ತ 18 ಮಿಲಿಮೀಟರ್ ಝೋನ್, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ವೃತ್ತ, ಬಂತು. ಎರಡನೇ ವಾರ ಅದೇ ಸಾರ, ಅದೇ ಬ್ಯಾಕ್ಟೀರಿಯಾ, ಬಂದದ್ದು 11. ಮೂರನೇ ವಾರ ಏನೂ ಇಲ್ಲ. ಈ ಕಥೆಯನ್ನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಮೊದಲು ದೂರುವುದು ಗಿಡವನ್ನು: "ಎಲೆ ಹಳೇದಾಗಿತ್ತೇನೋ." ಗಿಡ ಪಾಪ, ಅದರ ತಪ್ಪು ಇರುವುದೇ ಅಪರೂಪ. ಸಾರದಲ್ಲಿ ಉಳಿದುಹೋದ ದ್ರಾವಕ, ಅಳತೆಯಿಲ್ಲದೆ ಹಚ್ಚಿದ ಬ್ಯಾಕ್ಟೀರಿಯಾ, ಹಾಕದೇ ಬಿಟ್ಟ ಕಂಟ್ರೋಲ್ (ಹೋಲಿಸಿ ನೋಡಲು ಇಡುವ ಪರೀಕ್ಷೆ). ನಾನು ನೋಡಿದ ಕೆಟ್ಟ ಫಲಿತಾಂಶಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದರಿಂದ ಬಂದವು.

ಹಾಗಾಗಿ ಇಲ್ಲಿನ ಕ್ರಮ ಸ್ವಲ್ಪ ಬೇರೆ. ಸಾಮಾನ್ಯವಾಗಿ ಎಲೆ ಕಿತ್ತು, ಒಣಗಿಸಿ, ಸಾರ ತೆಗೆದು, ಕೊನೆಗೆ ಬ್ಯಾಕ್ಟೀರಿಯಾ ಹತ್ತಿರ ಹೋಗುತ್ತಾರೆ. ನಾವು ಮೊದಲು ಗಿಡವೇ ಇಲ್ಲದೆ ಇಡೀ ಪರೀಕ್ಷೆ ಒಂದು ಸಲ ಮಾಡುತ್ತೇವೆ. ಅದು ಸರಿಬಂದ ಮೇಲಷ್ಟೇ ಗಿಡ.

ಇದು ಮನೆಯಲ್ಲಿ ಮಾಡುವ ಕೆಲಸ ಖಂಡಿತ ಅಲ್ಲ. ಸ್ಟೆಫಿಲೊಕಾಕಸ್ ಆರಿಯಸ್, ಸ್ಯೂಡೊಮೊನಾಸ್ ಏರುಜಿನೋಸ ಇವು ಕಾಯಿಲೆ ತರುವ ಬ್ಯಾಕ್ಟೀರಿಯಾ. ಜೈವಿಕ ಸುರಕ್ಷತೆಯ 2ನೇ ಮಟ್ಟದ ಲ್ಯಾಬ್, ಸೇಫ್ಟಿ ಕ್ಯಾಬಿನೆಟ್, ತಿಳಿದವರ ಮೇಲ್ವಿಚಾರಣೆ, ಕಸ ಸುಡುವ ಅಥವಾ ಆಟೋಕ್ಲೇವ್ ಮಾಡುವ ವ್ಯವಸ್ಥೆ ಇದ್ದರೆ ಮಾತ್ರ ಮುಂದುವರಿಯಿರಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಆಟೋಕ್ಲೇವ್, ಇನ್‌ಕ್ಯುಬೇಟರ್, ಕ್ಯಾಬಿನೆಟ್ ಇದ್ದೇ ಇರುತ್ತವೆ. ಜನ ಮರೆಯುವುದು ಸಣ್ಣ ಸಾಮಾನು: 6 ಮಿಮೀ ಕಾರ್ಕ್ ಬೋರರ್, ಅಂಕಿ ತೋರಿಸುವ ಕ್ಯಾಲಿಪರ್, 0.5 ಮ್ಯಾಕ್‌ಫರ್‌ಲ್ಯಾಂಡ್ ಸ್ಟ್ಯಾಂಡರ್ಡ್ (ಬ್ಯಾಕ್ಟೀರಿಯಾ ದ್ರಾವಣದ ಮಂದತೆ ಹೋಲಿಸುವ ಟ್ಯೂಬ್), ಪಿಎಚ್ ಪೇಪರ್, 10 ಮೈಕ್ರೋಗ್ರಾಂ ಜೆಂಟಾಮೈಸಿನ್ (ಒಂದು ಆ್ಯಂಟಿಬಯೋಟಿಕ್) ಡಿಸ್ಕ್, ಮಿಲಿಗ್ರಾಂ ತೂಗುವ ತಕ್ಕಡಿ, ತಳ ದುಂಡಗಿನ ಅಥವಾ ಚಪ್ಪಟೆಯ 96 ವೆಲ್ ಪ್ಲೇಟ್, ರೆಸಾಜುರಿನ್ (ಜೀವಂತ ಬ್ಯಾಕ್ಟೀರಿಯಾ ಇದ್ದರೆ ಬದಲಾಗುವ ಬಣ್ಣ) ಪುಡಿ, ಸಾರ ಕರಗಿಸಲು ಸ್ವಲ್ಪ ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ).

ಬ್ಯಾಕ್ಟೀರಿಯಾ ಆಯ್ಕೆಯಲ್ಲಿ ಹಠ ಮಾಡಿ. ಯಾರೋ ಕೊಟ್ಟ, ಗುರುತು ಖಚಿತವಿಲ್ಲದ ತಳಿ ಬೇಡ. ಇ. ಕೋಲೈಗೆ ಎಟಿಸಿಸಿ (ಅಮೆರಿಕದ ತಳಿ ಸಂಗ್ರಹ) ಸಂಖ್ಯೆ 25922, ಸ್ಟೆಫಿಲೊಕಾಕಸ್ ಆರಿಯಸ್‌ಗೆ ಝೋನ್ ಪರೀಕ್ಷೆಯಾದರೆ 25923, ಎಂಐಸಿ (ಬೆಳವಣಿಗೆ ನಿಲ್ಲಿಸುವ ಅತಿ ಕಡಿಮೆ ಪ್ರಮಾಣ) ಪರೀಕ್ಷೆಯಾದರೆ 29213, ಸ್ಯೂಡೊಮೊನಾಸ್‌ಗೆ 27853. ಇವುಗಳಿಗೆ ಯಾವ ಆ್ಯಂಟಿಬಯೋಟಿಕ್‌ಗೆ ಎಷ್ಟು ಝೋನ್ ಬರಬೇಕು ಅನ್ನುವುದು ಮೊದಲೇ ಗೊತ್ತಿದೆ. ನಿಮ್ಮ ಕೈಕೆಲಸ ಸರಿಯಿದೆಯಾ ಅಂತ ತೂಗಿ ನೋಡಲು ಇದೇ ಬಟ್ಟು.

## ಹಂತ 1: ಅಗರ್ ಪ್ಲೇಟ್

ಮುಲ್ಲರ್-ಹಿಂಟನ್ ಅಗರ್ ಬಳಸಿ. ನ್ಯೂಟ್ರಿಯೆಂಟ್ ಅಗರ್ ಕಪಾಟಿನಲ್ಲಿ ಸಿಕ್ಕಿತು ಅಂತ ಅದನ್ನೇ ಸುರಿಯಬೇಡಿ. ನಿಗದಿತ ಝೋನ್ ಅಂಕಿಗಳೆಲ್ಲ ಮುಲ್ಲರ್-ಹಿಂಟನ್ ಮೇಲೆ ಅಳೆದವು. ಲೀಟರ್‌ಗೆ 38 ಗ್ರಾಂ ಪುಡಿ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್, ಪಿಎಚ್ 7.2ರಿಂದ 7.4ರ ನಡುವೆ. 45ರಿಂದ 50 ಡಿಗ್ರಿಗೆ ಇಳಿದ ಮೇಲೆ ಸುರಿಯಿರಿ. ತುಂಬಾ ಬಿಸಿ ಇರುವಾಗ ಸುರಿದರೆ ಮುಚ್ಚಳದ ತುಂಬ ನೀರ ಹನಿ.

ಅಗರ್‌ನ ಆಳ 4 ಮಿಮೀ ಇರಬೇಕು. 90 ಮಿಮೀ ಪ್ಲೇಟ್‌ಗೆ ಸುಮಾರು 25 ಮಿಲೀ. ಕಣ್ಣಂದಾಜು ಬೇಡ, ಮೊದಲ ಕೆಲವು ಪ್ಲೇಟ್‌ಗಾದರೂ ಅಳೆದು ಸುರಿಯಿರಿ. ಅಗರ್ ತೆಳುವಾದರೆ ಸಾರ ಕೆಳಗಿಳಿಯಲು ಜಾಗವಿಲ್ಲದೆ ಪಕ್ಕಕ್ಕೆ ಹರಡುತ್ತದೆ, ಝೋನ್ ಸುಮ್ನೆ ದೊಡ್ಡದಾಗುತ್ತದೆ. ದಪ್ಪವಾದರೆ ಉಲ್ಟಾ. ಪ್ರತಿ ಬ್ಯಾಚ್‌ನಲ್ಲಿ ಒಂದು ಪ್ಲೇಟ್ ಬಲಿ ಕೊಡಿ: ನಡುವೆ ಒಂದು ತುಂಡು, ಅಂಚಿನಲ್ಲಿ ಒಂದು ತುಂಡು ಕತ್ತರಿಸಿ ಸ್ಕೇಲ್ ಹಿಡಿದು ನೋಡಿ. ಒಂದು ಕಡೆ 3, ಇನ್ನೊಂದು ಕಡೆ 5 ಬಂದರೆ ನಿಮ್ಮ ಮೇಜು ಓರೆ ಇದೆ ಅಂತ ಅರ್ಥ. ದುಂಡಗಿರಬೇಕಾದ ಝೋನ್ ಮೊಟ್ಟೆಯಾಕಾರದಲ್ಲಿ ಬರುವುದು ಬಹಳ ಸಲ ಇದೇ ಕಾರಣಕ್ಕೆ.

ಬಳಸುವ ಮೊದಲು ಕ್ಯಾಬಿನೆಟ್ ಒಳಗೆ ಮುಚ್ಚಳ ಸ್ವಲ್ಪ ಸರಿಸಿ 10ರಿಂದ 15 ನಿಮಿಷ ಒಣಗಲು ಬಿಡಿ. ಮೇಲ್ಮೈ ತೇವವಾಗಿರಬೇಕು, ನೀರು ಕಾಣಬಾರದು.

## ಹಂತ 2: ಬ್ಯಾಕ್ಟೀರಿಯಾ ಅಳತೆ

ವಾರಾನುಗಟ್ಟಲೆ ಫ್ರಿಜ್‌ನಲ್ಲಿದ್ದ ಪ್ಲೇಟ್‌ನಿಂದ ಕಾಲನಿ ತೆಗೆಯಬೇಡಿ. ಹಿಂದಿನ ದಿನ ಗೆರೆ ಎಳೆದು ಬೆಳೆಸಿದ, 18ರಿಂದ 24 ಗಂಟೆಯ ಕಾಲನಿ ಬೇಕು. ಒಂದೇ ತರಹ ಕಾಣುವ 3–5 ಕಾಲನಿ ಮುಟ್ಟಿ 0.85% ಉಪ್ಪು ನೀರಿನಲ್ಲಿ ಕದಡಿ.

ಈಗ ಮಂದತೆ ಹೊಂದಿಸುವುದು. 0.5 ಮ್ಯಾಕ್‌ಫರ್‌ಲ್ಯಾಂಡ್ ಅಂದರೆ ಒಂದು ಮಿಲೀಗೆ ಸುಮಾರು 15 ಕೋಟಿ ಬ್ಯಾಕ್ಟೀರಿಯಾ. ಸ್ಟ್ಯಾಂಡರ್ಡ್ ಕೊಳ್ಳದಿದ್ದರೆ ನೀವೇ ಮಾಡಬಹುದು: 1% ಗಂಧಕಾಮ್ಲ 99.5 ಮಿಲೀಗೆ 1.175% ಬೇರಿಯಂ ಕ್ಲೋರೈಡ್ ಡೈಹೈಡ್ರೇಟ್ ದ್ರಾವಣ 0.5 ಮಿಲೀ. ಬೇರಿಯಂ ವಿಷ, ಆಮ್ಲ ಸುಡುತ್ತದೆ, ಗ್ಲೌಸ್ ಹಾಕಿ. ಬಿಗಿಯಾಗಿ ಮುಚ್ಚಿ ಕತ್ತಲಲ್ಲಿ ಇಡಿ, ಪ್ರತಿ ಸಲ ಚೆನ್ನಾಗಿ ಕುಲುಕಿ. ಬಿಳಿ ಕಾಗದದ ಮೇಲೆ ಕಪ್ಪು ಗೆರೆ ಎಳೆದು, ಎರಡೂ ಟ್ಯೂಬ್ ಅದರ ಮುಂದೆ ಹಿಡಿದು ಗೆರೆ ಒಂದೇ ತರಹ ಮಸುಕಾಗಿದೆಯಾ ನೋಡಿ. ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ 625 ನ್ಯಾನೋಮೀಟರ್‌ನಲ್ಲಿ ಹೀರಿಕೆ (ಅಬ್ಸಾರ್ಬೆನ್ಸ್) 0.08ರಿಂದ 0.13 ಬರಬೇಕು.

ಇಲ್ಲಿ ಗಡಿಯಾರ ಓಡುತ್ತಿರುತ್ತದೆ. ಅಳತೆ ಹೊಂದಿಸಿದ 15 ನಿಮಿಷದೊಳಗೆ ಪ್ಲೇಟ್‌ಗೆ ಹಚ್ಚಿ. ಚಹಾಕ್ಕೆ ಹೋಗಿ ಬಂದರೆ ಮತ್ತೆ ಮೊದಲಿಂದ.

ಸ್ವಾಬ್ ಅದ್ದಿ, ಟ್ಯೂಬ್‌ನ ಒಳಗೋಡೆಗೆ ಒತ್ತಿ ಹೆಚ್ಚಿನ ನೀರು ಹಿಂಡಿ. ಇಡೀ ಪ್ಲೇಟ್ ಮೇಲೆ ಗೆರೆ ಎಳೆಯಿರಿ, ಪ್ಲೇಟನ್ನು 60 ಡಿಗ್ರಿ ತಿರುಗಿಸಿ ಮತ್ತೆ, ಇನ್ನೊಮ್ಮೆ ತಿರುಗಿಸಿ ಮತ್ತೆ. ಕೊನೆಗೆ ಅಂಚಿನ ಸುತ್ತ ಒಂದು ಸುತ್ತು. ಮಾರನೇ ದಿನ ಹಾಲಿನ ತೆಳು ಕೆನೆಯಂತೆ ಎಡೆಬಿಡದ ಪದರ ಬರಬೇಕು. ಬಿಡಿಬಿಡಿ ಕಾಲನಿ ಕಂಡರೆ ಬ್ಯಾಕ್ಟೀರಿಯಾ ಕಡಿಮೆಯಾಯಿತು, ಆ ಪ್ಲೇಟಿನ ಝೋನ್ ಅಳೆಯಲೇಬೇಡಿ.

## ಹಂತ 3: ಗಿಡವಿಲ್ಲದ ಟ್ರಯಲ್

ಇದನ್ನು ಹಾರಿಸುವವರೇ ಜಾಸ್ತಿ. "ಸುಮ್ನೆ ಒಂದು ದಿನ ದಂಡ" ಅನಿಸುತ್ತದೆ. ಮೂರು ತಿಂಗಳ ಕೆಲಸ ದಂಡವಾಗುವುದಕ್ಕಿಂತ ಇದು ವಾಸಿ.

ಇ. ಕೋಲೈ 25922 ಹಚ್ಚಿದ ಪ್ಲೇಟ್ ಮೇಲೆ 10 ಮೈಕ್ರೋಗ್ರಾಂ ಜೆಂಟಾಮೈಸಿನ್ ಡಿಸ್ಕ್ ಇಡಿ. ಪಕ್ಕದಲ್ಲಿ ಒಂದು ವೆಲ್ ಕೊರೆದು 20% ಡಿಎಂಎಸ್‌ಒ, ಇನ್ನೊಂದರಲ್ಲಿ ಬರೀ ಸ್ಟೆರೈಲ್ ನೀರು ಹಾಕಿ. 35 ಡಿಗ್ರಿ, 16ರಿಂದ 18 ಗಂಟೆ.

ಡಿಸ್ಕ್ ಸುತ್ತ 19ರಿಂದ 26 ಮಿಮೀ ಝೋನ್ ಬರಬೇಕು. ಸ್ಟೆಫಿಲೊಕಾಕಸ್ 25923 ಆದರೆ 19ರಿಂದ 27. ಹೆಚ್ಚು ಬಂದರೆ ಬ್ಯಾಕ್ಟೀರಿಯಾ ತೆಳುವಾಗಿದೆ ಅಥವಾ ಅಗರ್ ತೆಳುವಾಗಿದೆ. ಕಡಿಮೆ ಬಂದರೆ ಬ್ಯಾಕ್ಟೀರಿಯಾ ದಟ್ಟವಾಗಿದೆ, ಅಗರ್ ದಪ್ಪವಾಗಿದೆ, ಇಲ್ಲವೇ ಡಿಸ್ಕ್ ಸತ್ವ ಕಳೆದುಕೊಂಡಿದೆ. ನೀರಿನ ವೆಲ್, ಡಿಎಂಎಸ್‌ಒ ವೆಲ್ ಎರಡರ ಸುತ್ತಲೂ ಬ್ಯಾಕ್ಟೀರಿಯಾ ವೆಲ್‌ನ ಅಂಚಿನವರೆಗೆ ಬೆಳೆದಿರಬೇಕು. ಬೆಳೆದಿಲ್ಲವಾ? ಡಿಎಂಎಸ್‌ಒ ಪ್ರಮಾಣ ಇಳಿಸಿ ಮತ್ತೆ ಮಾಡಿ.

ಬೇರೆ ಬೇರೆ ದಿನ ಮೂರು ಸಲ ಮಾಡಿ. ಮೂರೂ ಸಲ ಅಂಕಿ ಈ ಮಿತಿಯೊಳಗೆ ಬಂದರೆ ಎಲೆ ಕೀಳಲು ಹೊರಡಿ.

## ಹಂತ 4: ಗಿಡ ಗುರುತಿಸಿ ಒಣಗಿಸುವುದು

ಊರ ಹೆಸರು ನಂಬಬೇಡಿ. ಬ್ರಾಹ್ಮಿ ಅಂದಾಗ ಕೆಲವರು ಬಕೋಪ ಮೊನಿಯೆರಿ ತಂದುಕೊಡುತ್ತಾರೆ, ಕೆಲವರು ಒಂದೆಲಗ, ಅಂದರೆ ಸೆಂಟೆಲ್ಲ ಏಷಿಯಾಟಿಕ ತರುತ್ತಾರೆ. ಕುಟುಂಬವೇ ಬೇರೆ, ಸಾರವೂ ಬೇರೆ. ಹೂವು ಅಥವಾ ಕಾಯಿ ಇರುವ ರೆಂಬೆ ಒತ್ತಿ ಒಣಗಿಸಿ, ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಒಂದು ಸಂಖ್ಯೆ ಪಡೆಯಿರಿ. ಯಾವ ಭಾಗ, ಯಾವ ತಿಂಗಳು, ಎಲ್ಲಿ ಕಿತ್ತದ್ದು ಅಂತ ಬರೆದಿಡಿ.

ತೊಳೆದು ನೆರಳಲ್ಲಿ ಒಣಗಿಸಿ, ಅಥವಾ 40 ಡಿಗ್ರಿ ಮೀರದ ಓವನ್‌ನಲ್ಲಿ. ಎಲೆ ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಬಾಗಬಾರದು. ಮುಗ್ಗಲು ವಾಸನೆ ಬಂದರೆ ಇಡೀ ಲಾಟ್ ಎಸೆಯಿರಿ. ಬೂಷ್ಟು ತಾನೇ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಮಾಡಬಲ್ಲದು, ಆಮೇಲೆ ನೀವು ಅಳೆಯುವುದು ಗಿಡವನ್ನಲ್ಲ, ಬೂಷ್ಟನ್ನು.

## ಹಂತ 5: ಸಾರ ತೆಗೆಯುವುದು

50 ಗ್ರಾಂ ಪುಡಿಗೆ 500 ಮಿಲೀ ದ್ರಾವಕ. ಮೊದಲ ಸಲಕ್ಕೆ 70–80% ಎಥನಾಲ್ ಅಥವಾ ಮೆಥನಾಲ್ ಸಾಕು. ಫ್ಲಾಸ್ಕ್ ಮುಚ್ಚಿ, ಶೇಕರ್ ಮೇಲೆ 48ರಿಂದ 72 ಗಂಟೆ, ಕೋಣೆಯ ಉಷ್ಣತೆಯಲ್ಲಿ. ಮೊದಲು ಬಟ್ಟೆಯಲ್ಲಿ, ಆಮೇಲೆ ವಾಟ್‌ಮನ್ ನಂ. 1 ಕಾಗದದಲ್ಲಿ ಸೋಸಿ. ಪುಡಿಗೆ ಮತ್ತೆ ಹೊಸ ದ್ರಾವಕ ಹಾಕಿ ಇನ್ನೊಂದು ಸುತ್ತು ಮಾಡಿದರೆ ಇಳುವರಿ ಹೆಚ್ಚುತ್ತದೆ.

ನೀರಿನಲ್ಲಿ ಮಾತ್ರ ನೆನೆಸಿದರೆ ಏನಾಗುತ್ತದೆ? ಸಕ್ಕರೆ, ಪ್ರೋಟೀನ್, ಉಪ್ಪು ಎಲ್ಲ ಬರುತ್ತವೆ, ಎರಡು ದಿನದಲ್ಲಿ ಫ್ಲಾಸ್ಕ್ ಒಳಗೇ ಬ್ಯಾಕ್ಟೀರಿಯಾ ಬೆಳೆದು ನೊರೆ ಕಟ್ಟುತ್ತದೆ. ನೀರಿನ ಸಾರ ಬೇಕೇ ಬೇಕು ಅಂದರೆ ಕೆಲವೇ ಗಂಟೆಯಲ್ಲಿ ಮುಗಿಸಿ, ಫ್ರೀಜ್ ಡ್ರೈ ಮಾಡಿ.

ರೋಟರಿ ಇವ್ಯಾಪರೇಟರ್‌ನಲ್ಲಿ 40 ಡಿಗ್ರಿ ಮೀರದಂತೆ ದ್ರಾವಕ ತೆಗೆಯಿರಿ. ಮೆಥನಾಲ್ ಆವಿ ವಿಷ, ಬೆಂಕಿಯೂ ಬೇಗ ಹಿಡಿಯುತ್ತದೆ. ಫ್ಯೂಮ್ ಹುಡ್ ಒಳಗೆ ಮಾಡಿ, ಬನ್ಸನ್ ಬರ್ನರ್ ಇರುವ ಮೇಜಿನ ಹತ್ತಿರ ತರಲೇಬೇಡಿ.

## ಹಂತ 6: ದ್ರಾವಕ ನಿಜವಾಗಿ ಹೋಯಿತಾ?

ಇಲ್ಲಿ ನನ್ನದೇ ಮಾನ ಹೋದ ಕಥೆ ಹೇಳಬೇಕು. ಒಮ್ಮೆ 22 ಮಿಮೀ ಝೋನ್ ಬಂದಿತ್ತು. ಜೊತೆಯವರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಒಬ್ಬರು ಫ್ಲಾಸ್ಕ್ ಓರೆ ಮಾಡಿ ನೋಡಿ, "ಇದು ಇನ್ನೂ ಜಾರ್ತಾ ಇದೆಯಲ್ಲಾ" ಅಂದರು. ತಳದಲ್ಲಿದ್ದ ಸಾರ ಡಾಂಬರಿನಂತೆ ಅಂಟಿ ಕೂರುವ ಬದಲು ಜೇನಿನಂತೆ ಮೆಲ್ಲಗೆ ಹರಿಯುತ್ತಿತ್ತು. ತೂಗಿದೆ: ಫ್ಲಾಸ್ಕ್ ಸೇರಿ 86.42 ಗ್ರಾಂ. ವ್ಯಾಕ್ಯೂಂ ಡೆಸಿಕೇಟರ್‌ನಲ್ಲಿಟ್ಟು ಮಾರನೇ ದಿನ ತೂಗಿದರೆ 85.97. ಅದರ ಮಾರನೇ ದಿನ 85.61. ನಾಲ್ಕನೇ ದಿನ ತೂಕ ನಿಂತಿತು. ಅದೇ ಸಾರವನ್ನು ಮತ್ತೆ ಪರೀಕ್ಷಿಸಿದಾಗ ಝೋನ್ 9 ಮಿಮೀ. ಉಳಿದ 13 ಮಿಮೀ ಮೆಥನಾಲ್‌ನದು.

ಆದ್ದರಿಂದ ನಿಯಮ ಇಷ್ಟೇ: ಖಾಲಿ ಫ್ಲಾಸ್ಕ್ ತೂಕ ಮೊದಲೇ ಬರೆದುಕೊಳ್ಳಿ. ಸಾರ ಒಣಗಿಸಿ ದಿನಕ್ಕೊಮ್ಮೆ ತೂಗಿ. ಎರಡು ದಿನ ಒಂದೇ ತೂಕ ಬರುವವರೆಗೆ ಕಾಯಿರಿ. ಮೂಸಿ ನೋಡಿ ಪರೀಕ್ಷಿಸುವ ಚಾಳಿ ಬೇಡ, ಮೆಥನಾಲ್ ಮೂಸುವ ವಸ್ತುವಲ್ಲ.

ಇದರ ಜೊತೆಗೆ ಒಂದು ಕಳ್ಳ ಹಿಡಿಯುವ ಕಂಟ್ರೋಲ್ ಇಡಿ. ಗಿಡದ ಪುಡಿ ಹಾಕದೆ, ಅದೇ 500 ಮಿಲೀ ದ್ರಾವಕವನ್ನು ಅದೇ ತರಹ ಸೋಸಿ, ಆವಿ ಮಾಡಿ, ತಳದಲ್ಲಿ ಏನು ಉಳಿದರೂ ಡಿಎಂಎಸ್‌ಒದಲ್ಲಿ ಕದಡಿ ಇಟ್ಟುಕೊಳ್ಳಿ. ಈ "ಖಾಲಿ ಸಾರ" ಝೋನ್ ಕೊಟ್ಟರೆ ತೊಂದರೆ ದ್ರಾವಕದಲ್ಲೋ ಗಾಜಿನ ಸಾಮಾನಿನಲ್ಲೋ ಇದೆ.

ಇಳುವರಿಯನ್ನು ಶೇಕಡಾ ಲೆಕ್ಕದಲ್ಲಿ ಬರೆಯಿರಿ. 50 ಗ್ರಾಂ ಪುಡಿಯಿಂದ 4 ಗ್ರಾಂ ಸಾರ ಬಂದರೆ 8%.

## ಹಂತ 7: ಸ್ಟಾಕ್ ದ್ರಾವಣ

ಒಣ ಸಾರ 100 ಮಿಗ್ರಾಂ ತೂಗಿ, ಡಿಎಂಎಸ್‌ಒ ಸೇರಿಸಿ ಒಟ್ಟು 1 ಮಿಲೀ ಮಾಡಿ. ಇದು ಮಿಲೀಗೆ 100 ಮಿಗ್ರಾಂ. ಕರಗದಿದ್ದರೆ 37 ಡಿಗ್ರಿ ನೀರಿನಲ್ಲಿಟ್ಟು ವೋರ್ಟೆಕ್ಸ್ ಮಾಡಿ. ಆಮೇಲೂ ಗಟ್ಟಿ ಉಳಿದರೆ ಸ್ಟಾಕ್ ತೆಳು ಮಾಡಿ. "ಕರಗಿದಷ್ಟು ಕರಗಲಿ" ಅಂತ ಮುಂದುವರಿದರೆ ನಿಮ್ಮ ಮಿಗ್ರಾಂ ಲೆಕ್ಕಕ್ಕೆ ಅರ್ಥವಿಲ್ಲ.

ಸಾರವನ್ನು ಸ್ಟೆರೈಲ್ ಮಾಡಲು ಆಟೋಕ್ಲೇವ್‌ಗೆ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಶಾಖಕ್ಕೆ ಸತ್ವವೇ ಹೋಗಬಹುದು. ಫಿಲ್ಟರ್ ಮಾಡುವುದಾದರೆ 0.22 ಮೈಕ್ರಾನ್ ನೈಲಾನ್ ಅಥವಾ ನೀರು ಹಿಡಿಯುವ ಬಗೆಯ ಪಿಟಿಎಫ್ಇ ಫಿಲ್ಟರ್ ತೆಗೆದುಕೊಳ್ಳಿ. ಸೆಲ್ಯುಲೋಸ್ ಅಸಿಟೇಟ್ ಫಿಲ್ಟರ್ ಡಿಎಂಎಸ್‌ಒದಲ್ಲಿ ತಾನೇ ಕರಗುತ್ತದೆ. ಸ್ಟಾಕ್‌ನ ಒಂದು ಹನಿ ಖಾಲಿ ಅಗರ್ ಮೇಲೆ ಹಾಕಿ ಒಂದು ದಿನ ಇಟ್ಟು ನೋಡಿ. ಏನಾದರೂ ಬೆಳೆದರೆ ಸಾರವೇ ಕೆಟ್ಟಿದೆ.

ಡಿಎಂಎಸ್‌ಒ ಸುಮಾರು 18 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಫ್ರಿಜ್‌ನಿಂದ ತೆಗೆದ ಸ್ಟಾಕ್ ಕಲ್ಲಿನಂತಿದ್ದರೆ ಗಾಬರಿ ಬೇಡ. ಪೂರ್ತಿ ಕರಗಿಸಿ, ಕುಲುಕಿ, ಆಮೇಲೆ ಪಿಪೆಟ್ ಹಾಕಿ. ಅರ್ಧ ಕರಗಿದಾಗ ಮೇಲಿನಿಂದ ತೆಗೆದರೆ ಅಳತೆ ತಪ್ಪುತ್ತದೆ. ಪದೇ ಪದೇ ಕರಗಿಸಬೇಕಾಗದಂತೆ ಸಣ್ಣ ಸಣ್ಣ ಟ್ಯೂಬ್‌ಗಳಲ್ಲಿ ಹಂಚಿ ಮೈನಸ್ 20ರಲ್ಲಿ ಇಡಿ.

ಇನ್ನು ಪಿಎಚ್. ಹುಳಿ ಇರುವ ಕಾಯಿ, ಹೂವಿನ ಸಾರಗಳಲ್ಲಿ ಬ್ಯಾಕ್ಟೀರಿಯಾ ತಡೆಯುವುದು ಕೆಲವು ಸಲ ಬರೀ ಹುಳಿಯೇ. ವೆಲ್‌ಗೆ ಹಾಕುವ ಮಟ್ಟಕ್ಕೆ ತೆಳು ಮಾಡಿದ ಸಾರದ ಪಿಎಚ್ ನೋಡಿ. 5ಕ್ಕಿಂತ ಕೆಳಗಿದ್ದರೆ, ಅದೇ ಪಿಎಚ್‌ಗೆ ಆಮ್ಲ ಹಾಕಿ ಹೊಂದಿಸಿದ ನೀರನ್ನು ಇನ್ನೊಂದು ಕಂಟ್ರೋಲ್ ಮಾಡಿ.

## ಹಂತ 8: ವೆಲ್ ಪರೀಕ್ಷೆ

ಸ್ಟಾಕ್ 1 ಭಾಗಕ್ಕೆ ಸ್ಟೆರೈಲ್ ನೀರು 4 ಭಾಗ. ಮಿಲೀಗೆ 20 ಮಿಗ್ರಾಂ ಸಾರ, 20% ಡಿಎಂಎಸ್‌ಒ. ಟ್ರಯಲ್‌ನಲ್ಲಿ 20% ಬಳಸಿದ್ದು ಇದಕ್ಕೇ. ಅಲ್ಲಿ ಪ್ರಮಾಣ ಇಳಿಸಬೇಕಾಗಿ ಬಂದಿದ್ದರೆ ಇಲ್ಲೂ ಅಷ್ಟೇ ಇಳಿಸಿ. ನೀರು ಸೇರಿಸಿದ ತಕ್ಷಣ ದ್ರಾವಣ ಹಾಲಿನಂತೆ ಬಿಳಿಯಾದರೆ ನಿಮ್ಮ ಸಾರ ನೀರಿಗೆ ಒಗ್ಗದ ಜಾತಿ. ಅದು ಅಗರ್ ಒಳಗೂ ಹರಡುವುದಿಲ್ಲ. ಅಂಥ ಸಾರಕ್ಕೆ ಈ ಹಂತ ಬಿಟ್ಟು ನೇರವಾಗಿ ಎಂಐಸಿಗೆ ಹೋಗಿ.

ಬ್ಯಾಕ್ಟೀರಿಯಾ ಹಚ್ಚಿ 3–5 ನಿಮಿಷ ಬಿಡಿ. ಸ್ಟೆರೈಲ್ ಕಾರ್ಕ್ ಬೋರರ್‌ನಿಂದ ನೇರವಾಗಿ ಕೆಳಗೆ ಒತ್ತಿ, ತಿರುಗಿಸಿ, ತೆಗೆಯಿರಿ. ತುಂಡನ್ನು ಸೂಜಿಯಿಂದ ಎತ್ತುವಾಗ ಪಕ್ಕದ ಅಗರ್ ಮೇಲೇಳಬಾರದು. ಎದ್ದರೆ ಸಾರ ತಳದಡಿ ಜಾರಿ ಹರಡುತ್ತದೆ. ಇದನ್ನು ತಡೆಯಲು ಪ್ರತಿ ವೆಲ್‌ನ ತಳಕ್ಕೆ 10–20 ಮೈಕ್ರೋಲೀಟರ್ ಕರಗಿದ ಅಗರ್ ಹಾಕಿ ಮುಚ್ಚಬಹುದು. ಒಂದು ವೆಲ್‌ನ ನಡುವಿನಿಂದ ಇನ್ನೊಂದರ ನಡುವಿಗೆ ಕನಿಷ್ಠ 24 ಮಿಮೀ ಬಿಡಿ. 90 ಮಿಮೀ ಪ್ಲೇಟ್‌ನಲ್ಲಿ ನಾಲ್ಕೈದು ವೆಲ್‌ಗಿಂತ ಹೆಚ್ಚು ಆಸೆ ಬೇಡ.

ಪ್ರತಿ ವೆಲ್‌ಗೆ 50 ಮೈಕ್ರೋಲೀಟರ್, ಅಂದರೆ 1 ಮಿಗ್ರಾಂ ಸಾರ. 4 ಮಿಮೀ ಆಳ, 6 ಮಿಮೀ ಅಗಲದ ವೆಲ್ ತುಂಬಾ ತುಂಬಾ ಹಿಡಿಯುವುದೇ 113 ಮೈಕ್ರೋಲೀಟರ್. 100 ಹಾಕಲು ಹೋದರೆ ಕೈ ಸ್ವಲ್ಪ ಅಲುಗಿದರೂ ಉಕ್ಕಿ ಮೇಲೆ ಹರಿಯುತ್ತದೆ. ಪ್ರತಿ ಪ್ಲೇಟ್‌ನಲ್ಲೂ ಸಾರ, 20% ಡಿಎಂಎಸ್‌ಒ, ಖಾಲಿ ಸಾರ, ಜೆಂಟಾಮೈಸಿನ್ ಡಿಸ್ಕ್ ಇರಲಿ. ಕಂಟ್ರೋಲ್ ಬೇರೆ ಪ್ಲೇಟ್‌ನಲ್ಲಿದ್ದರೆ ಈ ಪ್ಲೇಟ್ ಬಗ್ಗೆ ಅದು ಏನೂ ಹೇಳುವುದಿಲ್ಲ.

ಪ್ಲೇಟ್‌ಗಳನ್ನು ಬೋರಲು ಹಾಕುವುದು ನಮಗೆಲ್ಲ ರೂಢಿ. ಇಲ್ಲಿ ಹಾಗೆ ಮಾಡಬೇಡಿ, ವೆಲ್‌ನಲ್ಲಿದ್ದದ್ದೆಲ್ಲ ಮುಚ್ಚಳಕ್ಕೆ ಬೀಳುತ್ತದೆ. ಅರ್ಧ ಗಂಟೆ ಮೇಜಿನ ಮೇಲೆ ಇಂಗಲು ಬಿಟ್ಟು, ನೆಟ್ಟಗೆ ಇನ್‌ಕ್ಯುಬೇಟರ್ ಒಳಗಿಡಿ. ಸುಗಂಧ ತೈಲ ಪರೀಕ್ಷಿಸುತ್ತಿದ್ದರೆ ಅದರ ಪ್ಲೇಟ್‌ಗಳನ್ನು ಬೇರೆ ಡಬ್ಬಿಯಲ್ಲಿಡಿ, ಆವಿ ಪಕ್ಕದ ಪ್ಲೇಟ್‌ನ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ.

## ಹಂತ 9: ಝೋನ್ ಓದುವುದು

ಮೊದಲು ಕಂಟ್ರೋಲ್ ನೋಡಿ. ಜೆಂಟಾಮೈಸಿನ್ ಮಿತಿಯೊಳಗಿದೆಯಾ? ಡಿಎಂಎಸ್‌ಒ ಸುತ್ತ ಬೆಳೆದಿದೆಯಾ? ಖಾಲಿ ಸಾರ ಸುಮ್ಮನಿದೆಯಾ? ಮೂರಕ್ಕೂ ಹೌದು ಅಂದರೆ ಮಾತ್ರ ಸಾರದ ವೆಲ್ ಕಡೆ ಕಣ್ಣು ಹಾಯಿಸಿ. ಸಾರದ ಝೋನ್ ಮೊದಲು ನೋಡಿದರೆ ಮನಸ್ಸು ಆಗಲೇ ತೀರ್ಪು ಕೊಟ್ಟುಬಿಟ್ಟಿರುತ್ತದೆ, ಕಂಟ್ರೋಲ್‌ನ ತಪ್ಪಿಗೆ ನೆಪ ಹುಡುಕಲು ಶುರು ಮಾಡುತ್ತದೆ.

ಕಪ್ಪು ಮೇಲ್ಮೈ ಮೇಲೆ ಪ್ಲೇಟ್ ಬೋರಲಿಟ್ಟು, ಹಿಂಬದಿಯಿಂದ ಕ್ಯಾಲಿಪರ್‌ನಲ್ಲಿ ಎರಡು ದಿಕ್ಕಿಗೆ ಅಳೆಯಿರಿ. ವೆಲ್‌ನ 6 ಮಿಮೀ ಸೇರಿಸಿದ್ದೀರೋ ಬಿಟ್ಟಿದ್ದೀರೋ ಬರೆಯಿರಿ. ಸೇರಿಸುವುದೇ ರೂಢಿ.

ಮೋಸ ಮಾಡುವ ಝೋನ್‌ಗಳು ಹೀಗಿರುತ್ತವೆ. ವೆಲ್ ಸುತ್ತ ಕಂದು ಅಥವಾ ಬಿಳಿ ಮಸುಕು ಉಂಗುರ: ಟ್ಯಾನಿನ್ ಅಗರ್‌ನಲ್ಲಿರುವ ಪ್ರೋಟೀನ್ ಜೊತೆ ಸೇರಿ ಗಟ್ಟಿಯಾದದ್ದು, ಬೆಳಕಿಗೆ ಹಿಡಿದರೆ ಪಾರದರ್ಶಕ ಅಲ್ಲ ಅಂತ ಗೊತ್ತಾಗುತ್ತದೆ. ಒಳಗೆ ಸ್ವಚ್ಛ, ಹೊರಗೆ ಮಸುಕು ಇದ್ದರೆ ಸ್ವಚ್ಛ ಭಾಗ ಮಾತ್ರ ಅಳೆದು, ಮಸುಕಿನ ವಿಷಯ ಪಕ್ಕದಲ್ಲಿ ಬರೆಯಿರಿ. ಝೋನ್ ಒಳಗೆ ಒಂದೆರಡು ಕಾಲನಿ ಇದ್ದರೆ ಕಡೆಗಣಿಸಬೇಡಿ. ಕಲಬೆರಕೆಯೋ, ತಡೆದುಕೊಳ್ಳುವ ಬ್ಯಾಕ್ಟೀರಿಯಾವೋ ಅಂತ ಗೆರೆ ಎಳೆದು ನೋಡಿ.

ಸ್ಯೂಡೊಮೊನಾಸ್‌ಗೆ ದೊಡ್ಡ ಝೋನ್, ಸ್ಟೆಫಿಲೊಕಾಕಸ್‌ಗೆ ಸಣ್ಣದು ಬಂದರೆ ನನಗೆ ತಕ್ಷಣ ಅನುಮಾನ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಹೊರಪೊರೆ ಇದೆ, ಸ್ಯೂಡೊಮೊನಾಸ್‌ಗಂತೂ ಒಳಬಂದದ್ದನ್ನು ಹೊರದಬ್ಬುವ ಪಂಪ್‌ಗಳೂ ಜಾಸ್ತಿ. ಗಿಡದ ಸಾರಕ್ಕೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಅಸಾಧ್ಯ ಅಲ್ಲ, ಆದರೆ ಪಿಎಚ್ ಮತ್ತು ಉಳಿದ ದ್ರಾವಕ ಇನ್ನೊಮ್ಮೆ ನೋಡಿ.

ಇನ್ನೊಂದು ಆಸೆ ಬಿಡಬೇಕು. "ನಮ್ಮ ಸಾರ ಜೆಂಟಾಮೈಸಿನ್‌ನ 80% ಕೆಲಸ ಮಾಡಿತು" ಅಂತ ಬರೆಯಬೇಡಿ. ಅಲ್ಲಿ 10 ಮೈಕ್ರೋಗ್ರಾಂ, ಇಲ್ಲಿ 1000. ಅಲ್ಲದೆ ಝೋನ್ ಗಾತ್ರ ಆ ವಸ್ತು ಅಗರ್‌ನಲ್ಲಿ ಎಷ್ಟು ಬೇಗ ಹರಡುತ್ತದೆ ಅನ್ನುವುದರ ಮೇಲೂ ನಿಂತಿದೆ. ದೊಡ್ಡ ಅಣು, ಜಿಡ್ಡಿನ ಅಣು ನಿಧಾನಕ್ಕೆ ಹೋಗುತ್ತವೆ. ಎರಡು ಗಿಡಗಳ ಝೋನ್ ಹೋಲಿಸಿ ಯಾವುದು ಬಲ ಅಂತ ಹೇಳಲು ಆಗುವುದಿಲ್ಲ. ವೆಲ್ ಪರೀಕ್ಷೆ ಕೊಡುವ ಉತ್ತರ ಒಂದೇ: ಮುಂದೆ ಹೋಗಬಹುದಾ, ಬೇಡವಾ.

## ಹಂತ 10: ಎಂಐಸಿ

ಬ್ಯಾಕ್ಟೀರಿಯಾ ಬೆಳವಣಿಗೆ ನಿಲ್ಲಿಸುವ ಅತಿ ಕಡಿಮೆ ಪ್ರಮಾಣವೇ ಎಂಐಸಿ. ಲೆಕ್ಕ ನಿಧಾನಕ್ಕೆ ನೋಡಿ, ಇಲ್ಲಿ ಎರಡು ಪಟ್ಟಿನ ತಪ್ಪು ತುಂಬಾ ಸಲ ಆಗುತ್ತದೆ.

ಕ್ಯಾಟಯಾನ್ (ಕ್ಯಾಲ್ಸಿಯಂ, ಮೆಗ್ನೀಷಿಯಂ) ಹೊಂದಿಸಿದ ಮುಲ್ಲರ್-ಹಿಂಟನ್ ಬ್ರಾತ್ (ಅಗರ್ ಇಲ್ಲದ ದ್ರವ ಆಹಾರ) 980 ಮೈಕ್ರೋಲೀಟರ್‌ಗೆ, ಮಿಲೀಗೆ 100 ಮಿಗ್ರಾಂ ಇರುವ ಸ್ಟಾಕ್ 20 ಮೈಕ್ರೋಲೀಟರ್ ಸೇರಿಸಿ. ಮಿಲೀಗೆ 2 ಮಿಗ್ರಾಂ, ಡಿಎಂಎಸ್‌ಒ 2%. 96 ವೆಲ್ ಪ್ಲೇಟ್‌ನ 1ನೇ ಕಾಲಂಗೆ ಇದನ್ನು 100 ಮೈಕ್ರೋಲೀಟರ್ ಹಾಕಿ. 2ರಿಂದ 10ರವರೆಗೆ ಬರೀ ಬ್ರಾತ್ 50. ಈಗ 1ರಿಂದ 50 ತೆಗೆದು 2ಕ್ಕೆ, ಮೇಲೆ ಕೆಳಗೆ ಎಳೆದು ಬೆರೆಸಿ, 2ರಿಂದ 3ಕ್ಕೆ, ಹೀಗೆ 10ರವರೆಗೆ. 10ರಿಂದ ತೆಗೆದ 50 ಎಸೆಯಿರಿ. ಪ್ರತಿ ಸಲ ಹೊಸ ಟಿಪ್. ಒಂದೇ ಟಿಪ್ ಬಳಸಿದರೆ ಅಂಟು ಸಾರ ಟಿಪ್ ಒಳಗೆ ಹಿಡಿದುಕೊಂಡು ಕೊನೆಯ ವೆಲ್‌ವರೆಗೂ ಪ್ರಯಾಣ ಮಾಡುತ್ತದೆ.

0.5 ಮ್ಯಾಕ್‌ಫರ್‌ಲ್ಯಾಂಡ್ ದ್ರಾವಣವನ್ನು ಬ್ರಾತ್‌ನಲ್ಲಿ 150 ಪಟ್ಟು ತೆಳು ಮಾಡಿ. 15 ಕೋಟಿ ಇದ್ದದ್ದು 10 ಲಕ್ಷವಾಯಿತು. ಇದನ್ನು 1ರಿಂದ 10ರ ಪ್ರತಿ ವೆಲ್‌ಗೆ 50 ಹಾಕಿದಾಗ ಮಿಲೀಗೆ 5 ಲಕ್ಷ ಬ್ಯಾಕ್ಟೀರಿಯಾ. ಸಾರವೂ ಅರ್ಧಕ್ಕೆ ಇಳಿಯಿತು: ಕಾಲಂ 1ರಲ್ಲಿ ಮಿಲೀಗೆ 1000 ಮೈಕ್ರೋಗ್ರಾಂ, ಆಮೇಲೆ 500, 250, 125, ಹೀಗೆ 10ರಲ್ಲಿ ಸುಮಾರು 2. ಡಿಎಂಎಸ್‌ಒ 1% ದಾಟಲಿಲ್ಲ. ಈ ಕೊನೆಯ ಅರ್ಧ ಮರೆತು 2000 ಅಂತ ಬರೆಯುವುದೇ ಆ ಎರಡು ಪಟ್ಟಿನ ತಪ್ಪು. ಕಾಲಂ 11ರಲ್ಲಿ ಬ್ರಾತ್ ಮತ್ತು ಬ್ಯಾಕ್ಟೀರಿಯಾ, 12ರಲ್ಲಿ ಬರೀ ಬ್ರಾತ್.

ಸಾಲುಗಳನ್ನು ಹೀಗೆ ಹಂಚಿ. ಎ, ಬಿ, ಸಿ: ಸಾರ, ಮೂರು ಸಲ. ಡಿ: ಸಾರವಿದೆ, ಬ್ಯಾಕ್ಟೀರಿಯಾ ಬದಲು ಬ್ರಾತ್. ಇ: ಬರೀ ಡಿಎಂಎಸ್‌ಒ, ಅದೇ ಇಳಿಕೆ. ಎಫ್: ಜೆಂಟಾಮೈಸಿನ್, ಮಿಲೀಗೆ 8 ಮೈಕ್ರೋಗ್ರಾಂನಿಂದ ಶುರು. ಇ. ಕೋಲೈ 25922ಕ್ಕೆ ಜೆಂಟಾಮೈಸಿನ್ ಎಂಐಸಿ 0.25ರಿಂದ 1 ಮೈಕ್ರೋಗ್ರಾಂ ಒಳಗೆ ಬರಬೇಕು. ಬರದಿದ್ದರೆ ಆ ಪ್ಲೇಟ್ ಪೂರ್ತಿ ರದ್ದು. ಜಿ, ಎಚ್: ಸ್ಟೆರೈಲ್ ನೀರು. ಪ್ಲೇಟ್ ಮುಚ್ಚಿ, ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿಟ್ಟು 35 ಡಿಗ್ರಿಯಲ್ಲಿ 16ರಿಂದ 20 ಗಂಟೆ. ಅಂಚಿನ ವೆಲ್‌ಗಳು ಬೇಗ ಒಣಗುತ್ತವೆ, ಅದಕ್ಕೇ ಈ ಉಪಚಾರ.

ಬ್ಯಾಕ್ಟೀರಿಯಾ ಹಾಕಿದ ಕೂಡಲೇ ಕಾಲಂ 11ರಿಂದ 10 ಮೈಕ್ರೋಲೀಟರ್ ತೆಗೆದು 10 ಮಿಲೀ ಉಪ್ಪು ನೀರಿಗೆ ಹಾಕಿ, ಅದರ 100 ಮೈಕ್ರೋಲೀಟರ್ ಅಗರ್ ಮೇಲೆ ಹರಡಿ. ಮಾರನೇ ದಿನ ಸುಮಾರು 50 ಕಾಲನಿ ಬಂದರೆ ನಿಮ್ಮ 5 ಲಕ್ಷ ನಿಜ. 400 ಬಂದರೆ ಎಂಐಸಿ ಸುಮ್ನೆ ಹೆಚ್ಚಾಗಿ ಕಾಣಬಹುದು.

ಎಲೆಯ ಸಾರ ಹಸಿರಾಗಿರುತ್ತದೆ, ಸಾರ ದಟ್ಟವಾಗಿರುವ ವೆಲ್‌ಗಳಲ್ಲಿ ಮಸುಕು ಯಾವುದು, ಬಣ್ಣ ಯಾವುದು ಗೊತ್ತಾಗುವುದಿಲ್ಲ. ಅಲ್ಲಿ ರೆಸಾಜುರಿನ್ ನೆರವಿಗೆ ಬರುತ್ತದೆ. ಮೊದಲು ಹಂತ 11ಕ್ಕೆ ಬೇಕಾದದ್ದನ್ನು ವೆಲ್‌ಗಳಿಂದ ತೆಗೆದುಕೊಂಡು, ಆಮೇಲೆ 0.015% ದ್ರಾವಣ ಪ್ರತಿ ವೆಲ್‌ಗೆ 30 ಮೈಕ್ರೋಲೀಟರ್ ಹಾಕಿ ಎರಡು ಗಂಟೆ ಕಾಯಿರಿ. ಜೀವಂತ ಬ್ಯಾಕ್ಟೀರಿಯಾ ನೀಲಿಯನ್ನು ಗುಲಾಬಿ ಮಾಡುತ್ತದೆ. ನೀಲಿ ಉಳಿದ ಅತಿ ಕಡಿಮೆ ಪ್ರಮಾಣ ಎಂಐಸಿ. ಆದರೆ ಡಿ ಸಾಲು ನೋಡದೆ ಬರೆಯಬೇಡಿ! ಪಾಲಿಫಿನಾಲ್ ಹೆಚ್ಚಿರುವ ಸಾರ ಬ್ಯಾಕ್ಟೀರಿಯಾ ಇಲ್ಲದೆಯೂ ಬಣ್ಣ ಬದಲಿಸಬಲ್ಲದು. ಡಿ ಸಾಲು ಗುಲಾಬಿಯಾದರೆ ಆ ಪ್ರಮಾಣಗಳಲ್ಲಿ ಬಣ್ಣ ನಂಬುವಂತಿಲ್ಲ, ಮುಂದಿನ ಹಂತದ ಕಾಲನಿಗಳನ್ನೇ ನಂಬಿ.

ಎಷ್ಟು ಬಂದರೆ ಒಳ್ಳೆಯದು? ಕಚ್ಚಾ ಸಾರಕ್ಕೆ ಮಿಲೀಗೆ 100 ಮೈಕ್ರೋಗ್ರಾಂ ಒಳಗೆ ಬಂದರೆ ಗಮನ ಕೊಡಬೇಕಾದದ್ದು ಅಂತ ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. 1000 ದಾಟಿದರೆ ನಾನು "ಚಟುವಟಿಕೆ ಇಲ್ಲ" ಅಂತಲೇ ಬರೆಯುತ್ತೇನೆ. ಅಷ್ಟು ದಟ್ಟವಾಗಿ ಹಾಕಿದರೆ ಏನಾದರೂ ಬ್ಯಾಕ್ಟೀರಿಯಾಕ್ಕೆ ಕಷ್ಟವೇ, ಅಲ್ವಾ?

## ಹಂತ 11: ಎಂಬಿಸಿ

ಎಂಬಿಸಿ ಅಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲುವ ಅತಿ ಕಡಿಮೆ ಪ್ರಮಾಣ. ಇದನ್ನು ರೆಸಾಜುರಿನ್ ಹಾಕುವ ಮೊದಲೇ ಮಾಡಬೇಕು. ಬೆಳವಣಿಗೆ ಕಾಣದ ಪ್ರತಿ ವೆಲ್‌ನಿಂದ, ಮತ್ತು ಕಣ್ಣಿಗೆ ಖಚಿತವಾಗದ ವೆಲ್‌ಗಳಿಂದಲೂ, ಬೆರೆಸಿ 10 ಮೈಕ್ರೋಲೀಟರ್ ತೆಗೆದು ಹೊಸ ಅಗರ್ ಮೇಲೆ ಹರಡಿ. ಶುರುವಿನಲ್ಲಿ 10 ಮೈಕ್ರೋಲೀಟರ್‌ನಲ್ಲಿ 5000 ಬ್ಯಾಕ್ಟೀರಿಯಾ ಇದ್ದವು. 99.9% ಸತ್ತರೆ ಉಳಿಯುವುದು 5. ಆದ್ದರಿಂದ 5 ಅಥವಾ ಕಡಿಮೆ ಕಾಲನಿ ಬಂದ ಅತಿ ಕಡಿಮೆ ಪ್ರಮಾಣವೇ ಎಂಬಿಸಿ. ಅದು ಎಂಐಸಿಯ 4 ಪಟ್ಟಿನೊಳಗಿದ್ದರೆ ಸಾರ ಕೊಲ್ಲುತ್ತದೆ ಅನ್ನಬಹುದು. ಅದಕ್ಕಿಂತ ಹೆಚ್ಚಿದ್ದರೆ ಬೆಳವಣಿಗೆ ತಡೆಯುತ್ತದೆ, ಅಷ್ಟೇ.

## ಹಂತ 12: ಬರೆದಿಡುವುದು, ಕಸ ತೆಗೆಯುವುದು

ಒಂದೇ ಪ್ಲೇಟಿನ ಮೂರು ವೆಲ್ ಮೂರು ಪ್ರಯೋಗ ಅಲ್ಲ. ಅದು ಒಂದೇ ಪ್ರಯೋಗವನ್ನು ಮೂರು ಸಲ ಓದಿದಂತೆ. ಬೇರೆ ದಿನ, ಹೊಸ ಬ್ಯಾಕ್ಟೀರಿಯಾ, ಹೊಸ ಪ್ಲೇಟ್: ಇಂಥ ಮೂರು ಬೇಕು. ಎಂಐಸಿಗೆ ಸರಾಸರಿ ತೆಗೆಯಬೇಡಿ. 125, 125, 250 ಬಂದರೆ 166.7 ಅಂತ ಬರೆಯುವುದು ತಮಾಷೆ, ಆ ಪ್ರಮಾಣ ನಿಮ್ಮ ಪ್ಲೇಟ್‌ನಲ್ಲೇ ಇರಲಿಲ್ಲ. "125 (125–250), ಮೂರು ಪ್ರಯೋಗ" ಅಂತ ಬರೆಯಿರಿ. ಒಂದು ವೆಲ್ ಹೆಚ್ಚುಕಮ್ಮಿ ಆಗುವುದು ಈ ವಿಧಾನದಲ್ಲಿ ಸಹಜ.

ಸಾರದ ಇಳುವರಿ, ದ್ರಾವಕ, ವೆಲ್‌ಗೆ ಹೋದ ಮಿಗ್ರಾಂ, ಡಿಎಂಎಸ್‌ಒ ಶೇಕಡಾ, ಬ್ಯಾಕ್ಟೀರಿಯಾ ತಳಿ ಸಂಖ್ಯೆ, ಕಂಟ್ರೋಲ್ ಅಂಕಿ ಎಲ್ಲವೂ ಅದೇ ಪುಟದಲ್ಲಿರಲಿ. ಮನುಷ್ಯರ ಸೋಂಕಿಗೆ ಇದು ಮದ್ದು ಅನ್ನುವ ಸಾಲು ಬೇಡ. ಪ್ಲೇಟ್‌ನಲ್ಲಿ ಬ್ಯಾಕ್ಟೀರಿಯಾ ನಿಲ್ಲಿಸಿದ ಪ್ರಮಾಣ ನಮ್ಮ ಜೀವಕೋಶಗಳನ್ನೂ ಕೊಲ್ಲುತ್ತದಾ ಅಂತ ಈ ಪರೀಕ್ಷೆ ನೋಡಿಯೇ ಇಲ್ಲ.

ಬಳಸಿದ ಪ್ಲೇಟ್, ಟಿಪ್, ಸ್ವಾಬ್ ಎಲ್ಲ 121 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಆಟೋಕ್ಲೇವ್ ಆಗಿಯೇ ಹೊರಗೆ ಹೋಗಬೇಕು. ಮೆಥನಾಲ್ ಸಿಂಕ್‌ಗೆ ಸುರಿಯಬೇಡಿ, ಅದರ ಕಸಕ್ಕೆ ಬೇರೆ ಕ್ಯಾನ್ ಇಡಿ. ಆಟೋಕ್ಲೇವ್ ಬ್ಯಾಗ್ ಕಟ್ಟುವ ಮೊದಲು ಪ್ರತಿ ಪ್ಲೇಟ್‌ನ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಹಿಂಬದಿಯ ಬರಹ ಕಾಣುವಂತೆ. ಆರು ತಿಂಗಳ ನಂತರ ಯಾರಾದರೂ "ಆ 14 ಮಿಮೀ ಯಾವ ವೆಲ್‌ದು?" ಅಂತ ಕೇಳಿದಾಗ ತೋರಿಸಲು ಅದೊಂದೇ ಇರುತ್ತದೆ.